ಈಮ್ಯಾಕ್ಸ್: ಹನ್ನೊಂದು ಅಧ್ಯಾಯಗಳ ಕಡತದಲ್ಲಿ ಒಂದೇ ಕಾಣುತ್ತಿದೆ, ಮಿಕ್ಕದ್ದು ಎಲ್ಲಿ ಹೋಯಿತು?

ಕರಡುಪೆಟ್ಟಿಗೆ:
ಅಜ್ಜನ ದಿನಚರಿಗಳನ್ನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡ್‌ನಲ್ಲಿ (ಮಡಚಬಹುದಾದ ಶೀರ್ಷಿಕೆಗಳಡಿ ಬರೆಯುವ ವಿಧಾನ) ಒಂದೇ ಕಡತವಾಗಿ ಬೆರಳಚ್ಚು ಮಾಡುತ್ತಿದ್ದೇನೆ. ಹನ್ನೊಂದು ಅಧ್ಯಾಯ, ಸುಮಾರು 4,200 ಸಾಲು. ನಿನ್ನೆ ರಾತ್ರಿ ಏಳನೆಯ ಅಧ್ಯಾಯದ ಶೀರ್ಷಿಕೆಯ ಮೇಲಿದ್ದೆ. ಕಣ್ಣೆದುರಿಗೇ ಆ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಯವಾಯಿತು. ಮಡಚಿಕೊಂಡಿರಬೇಕು ಎಂದು ಶಿಫ್ಟ್-ಟ್ಯಾಬ್ ಒತ್ತಿದೆ. ಏಳನೆಯದೇ ಮಡಚಿತು, ಬಿಚ್ಚಿತು, ಬೇರೇನೂ ಬರಲಿಲ್ಲ. ಮೂರನೆಯ ಅಧ್ಯಾಯದ ಹೆಸರನ್ನು ಹುಡುಕಿದರೆ ಸಿಗಲಿಲ್ಲ. ಅನ್‌ಡೂ ಮಾಡಿದರೆ, ಹಿಂದೆಗೆಯಬೇಕಾದ ಬದಲಾವಣೆಗಳು ಬಫರ್‌ನ (ಈಮ್ಯಾಕ್ಸ್‌ನಲ್ಲಿ ತೆರೆದಿರುವ ಪಠ್ಯದ) ಕಾಣುವ ಭಾಗದಿಂದ ಹೊರಗಿವೆ ಎಂಬರ್ಥದ ಇಂಗ್ಲಿಷ್ ಸಂದೇಶ.

ಹಿಂದೆಯೂ ಎರಡು ಸಲ ಹೀಗಾಗಿತ್ತು. ಆಗ ಉಳಿಸದೆ ಮುಚ್ಚಿ ಮತ್ತೆ ತೆರೆದಾಗ ಎಲ್ಲ ಸರಿಯಾಗಿತ್ತು. ಈ ಸಲ ಸಂಜೆಯಿಂದ ಮಾಡಿದ ತಿದ್ದುಪಡಿಗಳಿವೆ. ಉಳಿಸಿದರೆ ಹತ್ತು ಅಧ್ಯಾಯ ಅಳಿಸಿಹೋಗಬಹುದು, ಮುಚ್ಚಿದರೆ ತಿದ್ದುಪಡಿ ಹೋಗುತ್ತದೆ. ಎರಡನ್ನೂ ಮಾಡದೆ ಲ್ಯಾಪ್‌ಟಾಪನ್ನು ರಾತ್ರಿಯಿಡೀ ಚಾರ್ಜರಿಗೆ ಸಿಕ್ಕಿಸಿ ಇಟ್ಟಿದ್ದೇನೆ. ಈಮ್ಯಾಕ್ಸ್ 29, ಉಬುಂಟು.

ಹಳೆಯ ಟರ್ಮಿನಲ್:
ಗಾಬರಿ ಬೇಡ ಮೇಡಂ, ಒಂದಕ್ಷರವೂ ಹೋಗಿಲ್ಲ. ಕೆಳಗಿನ ಮೋಡ್ ಲೈನ್, ಅಂದರೆ ಸ್ಥಿತಿ ತೋರಿಸುವ ಸಾಲು, ನೋಡಿ. ಮೋಡ್‌ನ ಹೆಸರಿನ ಪಕ್ಕದಲ್ಲಿ ‘ನ್ಯಾರೋ’ ಎಂದು ಇಂಗ್ಲಿಷಿನಲ್ಲಿ ಬರೆದಿದೆಯೇ?

ಇದ್ದರೆ ಇದು ನ್ಯಾರೋಯಿಂಗ್, ಅಂದರೆ ಕಡತದ ಒಂದು ಭಾಗಕ್ಕಷ್ಟೇ ಸೀಮಿತವಾಗುವುದು. ಮಡಚುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಮಡಚಿದ ಪಠ್ಯ ಕಣ್ಣಿಗೆ ಕಾಣದಿದ್ದರೂ ಹುಡುಕಿದರೆ ಸಿಗುತ್ತದೆ. ನ್ಯಾರೋ ಮಾಡಿದಾಗ ನೀವು ಕೋಣೆಯೊಂದರೊಳಗೆ ಹೋಗಿ ಅಗುಳಿ ಹಾಕಿಕೊಂಡಂತೆ. ಮನೆ ಇದ್ದಲ್ಲೇ ಇದೆ, ಆದರೆ ಹುಡುಕಾಟ, ಬದಲಾವಣೆ, ‘ಎಲ್ಲವನ್ನೂ ಆರಿಸು’, ಕಡತದ ಆರಂಭಕ್ಕೆ ಹೋಗುವ ಆಜ್ಞೆ, ಎಲ್ಲವೂ ಆ ಕೋಣೆಯ ಗೋಡೆಗೆ ಬಂದು ನಿಲ್ಲುತ್ತವೆ. ನಿಮ್ಮ ಸಂಜೆಯ ತಿದ್ದುಪಡಿಗಳು ಗೋಡೆಯಾಚೆ ಇರುವುದರಿಂದಲೇ ಅನ್‌ಡೂ ಆ ಸಂದೇಶ ಕೊಟ್ಟಿತು.

ಈಗಲೇ ಉಳಿಸಿ. ನ್ಯಾರೋ ಆಗಿದ್ದರೂ ಉಳಿಸುವಾಗ ಈಮ್ಯಾಕ್ಸ್ ಇಡೀ ಬಫರನ್ನೇ ಡಿಸ್ಕಿಗೆ ಬರೆಯುತ್ತದೆ. ನಂಬಿಕೆ ಬಾರದಿದ್ದರೆ ಮೊದಲು ಕಡತದ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಆಮೇಲೆ ಕಂಟ್ರೋಲ್-ಎಕ್ಸ್ ಒತ್ತಿ, ಕಂಟ್ರೋಲ್ ಬಿಟ್ಟು, ಎನ್, ನಂತರ ಡಬ್ಲ್ಯೂ. ಇದು ‘ವೈಡನ್’, ಅಂದರೆ ನ್ಯಾರೋ ಬಿಡಿಸುವ ಆಜ್ಞೆ.

ಕರಡುಪೆಟ್ಟಿಗೆ:
‘ನ್ಯಾರೋ’ ಎಂದೇ ಇದೆ! ಇಷ್ಟು ದಿನ ಆ ಸಾಲನ್ನು ಓದಿಯೇ ಇರಲಿಲ್ಲ. ಉಳಿಸಿದೆ, ಕಡತದ ಗಾತ್ರ ಮೊದಲಿನಷ್ಟೇ ಇದೆ. ಆದರೆ ನೀವು ಹೇಳಿದ ಕೀಲಿಗಳನ್ನು ಒತ್ತಿದರೆ ‘ಕಂಟ್ರೋಲ್-ಎಕ್ಸ್ ನ’ ಎಂಬ ಆಜ್ಞೆಯೇ ಇಲ್ಲ ಎನ್ನುತ್ತಿದೆ.

ಹಳೆಯ ಟರ್ಮಿನಲ್:
ಆ ‘ನ’ ಕನ್ನಡದ ನಕಾರ. ಐಬಸ್‌ನಲ್ಲಿ (ಉಬುಂಟುವಿನಲ್ಲಿ ಭಾಷೆ ಬದಲಿಸಿ ಬರೆಯಲು ಬಳಸುವ ತಂತ್ರಾಂಶ) ಕಗಪ ಕೀಲಿಮಣೆ ಚಾಲೂ ಇದೆ. ಅದು ಕಂಟ್ರೋಲ್-ಎಕ್ಸ್ ಅನ್ನು ಹಾಗೆಯೇ ಬಿಟ್ಟು, ಮುಂದಿನ ಎನ್ ಅನ್ನು ಕನ್ನಡಕ್ಕೆ ತಿರುಗಿಸಿತು. ಇಂಗ್ಲಿಷಿಗೆ ಬದಲಿಸಿಕೊಂಡು ಮತ್ತೆ ಒತ್ತಿ.

ಕನ್ನಡದಲ್ಲಿ ಹೆಚ್ಚು ಬರೆಯುವವರಾದರೆ ಐಬಸ್ ಬಿಟ್ಟು ಈಮ್ಯಾಕ್ಸ್‌ನದೇ ಇನ್‌ಪುಟ್ ಮೆಥಡ್ ಬಳಸಿ ನೋಡಿ. ಕಂಟ್ರೋಲ್ ಮತ್ತು ಹಿಂಬಾಗಿದ ಓರೆಗೆರೆಯ ಕೀಲಿ ಒತ್ತಿದರೆ ಯಾವುದು ಬೇಕೆಂದು ಕೇಳುತ್ತದೆ. ಕನ್ನಡಕ್ಕೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಇದೆ. ಅದು ಆಜ್ಞೆಯ ನಡುವಿನ ಅಕ್ಷರಗಳನ್ನು ಮುಟ್ಟುವುದಿಲ್ಲ. ಕಗಪಕ್ಕೆ ಒಗ್ಗಿದ ಬೆರಳಿಗೆ ಒಂದು ವಾರ ಕಷ್ಟವಾಗುತ್ತದೆ, ಅದು ನಿಜ.

ಕರಡುಪೆಟ್ಟಿಗೆ:
ಬಂತು ಸರ್! ಹನ್ನೊಂದೂ ಬಂತು. ಆದರೆ ಇದು ಆದದ್ದು ಹೇಗೆ? ನ್ಯಾರೋ ಮಾಡುವ ಆಜ್ಞೆಯೊಂದಿದೆ ಎಂದು ಇವತ್ತೇ ಗೊತ್ತಾದದ್ದು. ಅದೂ ದಿನವೂ ಆಗುವುದಿಲ್ಲ.

ಕೆಂಪು ಪೆನ್ಸಿಲ್:
ನಡುವೆ ಬಾಯಿ ಹಾಕುತ್ತಿದ್ದೇನೆ. ಆರಿಸಿದ ಭಾಗಕ್ಕೆ ನ್ಯಾರೋ ಮಾಡುವ ಆಜ್ಞೆ (ಕಂಟ್ರೋಲ್-ಎಕ್ಸ್, ಎನ್, ಎನ್) ಹೊಸಬರನ್ನು ದಿಕ್ಕು ತಪ್ಪಿಸುತ್ತದೆಂದೇ ಈಮ್ಯಾಕ್ಸ್ ಅದಕ್ಕೆ ಬೀಗ ಹಾಕಿಟ್ಟಿದೆ. ಮೊದಲ ಸಲ ಒತ್ತಿದಾಗ ನಿಜವಾಗಿಯೂ ಬೇಕೇ ಎಂದು ಕೇಳುತ್ತದೆ. ನಿಮ್ಮನ್ನು ಏನೂ ಕೇಳಿಲ್ಲವೆಂದರೆ ದಾರಿ ಬೇರೆ. ನಿಮ್ಮ ಇನಿಟ್ ಕಡತದಲ್ಲಿ (ಈಮ್ಯಾಕ್ಸ್‌ನ ಸೆಟ್ಟಿಂಗ್ಸ್ ಇರುವ ಕಡತ) ‘ಆರ್ಗ್-ಯೂಸ್-ಸ್ಪೀಡ್-ಕಮಾಂಡ್ಸ್’ ಎಂಬ ಸಾಲು ಇದೆಯೇ ನೋಡಿ.

ಕರಡುಪೆಟ್ಟಿಗೆ:
ಇದೆ, ಅದರ ಮುಂದೆ ‘ಟಿ’ (ಚಾಲೂ) ಎಂದಿದೆ. ಯಾರದೋ ಸೆಟ್ಟಿಂಗ್ಸ್ ಅನ್ನು ಇಡಿಯಾಗಿ ನಕಲು ಮಾಡಿಕೊಂಡಿದ್ದೆ.

ಕೆಂಪು ಪೆನ್ಸಿಲ್:
ಕಳ್ಳ ಸಿಕ್ಕಿದ. ಆ ಸೆಟ್ಟಿಂಗ್ ಇದ್ದಾಗ, ಕರ್ಸರ್ ಶೀರ್ಷಿಕೆಯ ಮೊದಲ ನಕ್ಷತ್ರದ ಮೇಲೆ ನಿಂತಿದ್ದರೆ ಒಂಟಿ ಅಕ್ಷರಗಳೇ ಆಜ್ಞೆಗಳಾಗುತ್ತವೆ. ಎಸ್ ಎಂದರೆ ಆ ಶೀರ್ಷಿಕೆಗೆ ನ್ಯಾರೋ ಮಾಡು. ಇನ್ನೊಮ್ಮೆ ಒತ್ತಿದರೆ ಬಿಡಿಸು. ಬೇರೆ ಎಡಿಟರ್‌ಗಳ ಅಭ್ಯಾಸದಲ್ಲಿ ಉಳಿಸಲು ಕಂಟ್ರೋಲ್-ಎಸ್ ಒತ್ತುತ್ತೀರಾ? ಕಂಟ್ರೋಲ್ ಕೀಲಿ ಸರಿಯಾಗಿ ಒತ್ತಿಕೊಳ್ಳದಿದ್ದರೆ ಬರಿಯ ಎಸ್ ಹೋಗುತ್ತದೆ. ಕೀಲಿಮಣೆ ಕನ್ನಡದಲ್ಲಿದ್ದ ದಿನ ಸಕಾರ ಮೂಡುತ್ತದೆ, ಇಂಗ್ಲಿಷಿನಲ್ಲಿದ್ದ ದಿನ ಅಧ್ಯಾಯಗಳು ಮಾಯವಾಗುತ್ತವೆ. ‘ದಿನವೂ ಆಗುವುದಿಲ್ಲ’ ಎಂದಿರಲ್ಲ, ಅದು ಹೀಗೆ.

ಕರಡುಪೆಟ್ಟಿಗೆ:
ಎಡಗಡೆಯ ಕಂಟ್ರೋಲ್ ಕೀಲಿ ಸವೆದು ಸಡಿಲವಾಗಿದೆ. ಕೆಲವು ಶೀರ್ಷಿಕೆಗಳ ಹಿಂದೆ ಒಂಟಿ ‘ಸ’ ಏಕೆ ಕುಳಿತಿರುತ್ತದೆ ಎಂಬುದೂ ಈಗ ತಿಳಿಯಿತು! ಆ ಸಾಲನ್ನು ‘ನಿಲ್’ (ಬಂದ್) ಮಾಡಿದೆ.

ಹಳೆಯ ಟರ್ಮಿನಲ್:
ಒಳ್ಳೆಯದು. ಆದರೆ ನ್ಯಾರೋವನ್ನೇ ದೂರ ಇಡಬೇಡಿ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅದು. ಅಜ್ಜ ಒಂದು ಅಧ್ಯಾಯದಲ್ಲಿ ಮಾತ್ರ ಊರಿನ ಹೆಸರನ್ನು ಬೇರೆ ಕಾಗುಣಿತದಲ್ಲಿ ಬರೆದಿದ್ದಾರೆ ಎನ್ನಿ. ಅಲ್ಲಿ ಕಂಟ್ರೋಲ್-ಎಕ್ಸ್, ಎನ್, ಎಸ್ ಒತ್ತಿ, ಆರಂಭಕ್ಕೆ ಹೋಗಿ, ಬದಲಾಯಿಸಿ. ಉಳಿದ ಹತ್ತಕ್ಕೆ ಕೈ ತಾಗುವುದಿಲ್ಲ. ಪದಗಳ ಎಣಿಕೆಯೂ ಆ ಅಧ್ಯಾಯದ್ದಷ್ಟೇ ಬರುತ್ತದೆ.

ಒಂದು ಎಚ್ಚರಿಕೆ: ನ್ಯಾರೋ ಬಫರ್‌ಗೆ ಸೇರಿದ್ದು, ಕಿಟಕಿಗೆ ಅಲ್ಲ. ಪರದೆಯನ್ನು ಇಬ್ಭಾಗ ಮಾಡಿ ಅದೇ ಬಫರನ್ನು ಎರಡೂ ಕಡೆ ಇಟ್ಟರೆ ಎರಡೂ ಕಡೆ ಏಳನೆಯದೇ ಕಾಣುತ್ತದೆ. ಒಂದು ಕಡೆ ಮೂರನೆಯದು, ಇನ್ನೊಂದು ಕಡೆ ಏಳನೆಯದು ಬೇಕಿದ್ದರೆ ಕಂಟ್ರೋಲ್-ಎಕ್ಸ್, 4, ಸಿ ಒತ್ತಿ. ಅದೇ ಪಠ್ಯದ ಇಂಡೈರೆಕ್ಟ್ ಬಫರ್ ತೆರೆಯುತ್ತದೆ. ತಿದ್ದಿದ್ದು ಎರಡರಲ್ಲೂ ಕಾಣುತ್ತದೆ, ನ್ಯಾರೋ ಮಾತ್ರ ಅದರದರ ಪಾಡಿಗೆ.

ಕರಡುಪೆಟ್ಟಿಗೆ:
ಮಾಡಿ ನೋಡಿದೆ, ಎರಡೂ ಅಕ್ಕಪಕ್ಕ ಬಂದವು. ಕೊನೆಯದೊಂದು: ನ್ಯಾರೋ ಮಾಡಿದಾಗ ಅಂಚಿನ ಸಾಲುಸಂಖ್ಯೆ 1ರಿಂದ ಶುರುವಾಗುತ್ತದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಇಡೀ ಕಡತದ ಸಾಲುಸಂಖ್ಯೆ ಬರೆದುಕೊಂಡಿದ್ದೇನೆ.

ಕೆಂಪು ಪೆನ್ಸಿಲ್:
‘ಡಿಸ್‌ಪ್ಲೇ-ಲೈನ್-ನಂಬರ್ಸ್-ವೈಡನ್’ ಅನ್ನು ‘ಟಿ’ ಮಾಡಿ. ಗೋಡೆಯೊಳಗಿದ್ದರೂ ಇಡೀ ಕಡತದ ಸಂಖ್ಯೆಯೇ ಕಾಣುತ್ತದೆ. ಹಾಗೆಯೇ ಆ ಕಂಟ್ರೋಲ್ ಕೀಲಿಯನ್ನೂ ರಿಪೇರಿ ಮಾಡಿಸಿ.