ಸಹಾಯ ಬೇಕು: ಪುಣೆಯಿಂದ ಕೋಲಾಡ್ ರಾಫ್ಟಿಂಗ್, ಬೆಳಿಗ್ಗೆ ಹೋಗಿ ಸಂಜೆ ವಾಪಸ್

ಎಲ್ಲರಿಗೂ ನಮಸ್ಕಾರ. ಮಳೆ ನಿಂತ ಮೇಲೆ ಒಂದು ಭಾನುವಾರ ಕುಂಡಲಿಕಾ ನದಿಯಲ್ಲಿ ರಾಫ್ಟಿಂಗ್ ಮಾಡೋಕೆ (ರಭಸದ ನೀರಿನಲ್ಲಿ ರಬ್ಬರ್ ದೋಣಿ ಸವಾರಿ) ಕೋಲಾಡ್‌ಗೆ ಹೋಗೋಣ ಅಂತ ಇದ್ದೇವೆ. ಹಿಂಜವಡಿಯಲ್ಲಿ ಕೆಲಸ ಮಾಡುವ ನಾವು ಎಂಟು ಜನ, ಜೊತೆಗೆ ಹುಬ್ಬಳ್ಳಿಯಿಂದ ಬರುವ ನಮ್ಮಕ್ಕನ ಮಗಳು. ಅವಳಿಗೆ 15 ವರ್ಷ, ಈಜು ಬರಲ್ಲ. ನನ್ನ ಚಿಂತೆಯೆಲ್ಲ ಅವಳದ್ದೇ.

ಮುಳಶಿ ಅಣೆಕಟ್ಟಿನ ನೀರು ಭೀರಾದಲ್ಲಿ ಕರೆಂಟ್ ತಯಾರಿಸಿ ಆಮೇಲೆ ಕುಂಡಲಿಕಾ ನದಿಗೆ ಬರುತ್ತದೆ, ಬೆಳಿಗ್ಗೆ ಆ ನೀರು ಬಿಟ್ಟಾಗಲೇ ರಾಫ್ಟಿಂಗ್, ಹಾಗಾಗಿ ನಾವು ಕತ್ತಲಿರುವಾಗಲೇ ಹೊರಟು ತಾಮ್ಹಿಣಿ ಘಾಟ್ ಇಳಿಯಬೇಕು. ಆ ಹೊತ್ತಿಗೆ ಅಲ್ಲಿ ಮಂಜು ಜಾಸ್ತಿ ಇರುತ್ತಾ? ಹಿಂದಿನ ರಾತ್ರಿಯೇ ಹೋಗಿ ಉಳಿದರೆ ಖರ್ಚು ಏರುತ್ತದೆ, ಅದು ಬೇಡ.

ರಾಫ್ಟಿಂಗ್ ಮಾಡಿಸುವವರಿಗೆ ಫೋನ್ ಮಾಡಿದರೆ ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಾರೆ. ಒಬ್ಬರದರಲ್ಲಿ ಊಟ ಸೇರಿದೆ, ಇನ್ನೊಬ್ಬರದರಲ್ಲಿ ನದಿಯವರೆಗಿನ ಜೀಪಿಗೂ ಬೇರೆ ದುಡ್ಡು. ದುಡ್ಡು ಉಳಿಸಬೇಕು ನಿಜ, ಆದರೆ ಲೈಫ್ ಜಾಕೆಟ್ ವಿಷಯದಲ್ಲಿ ಅಲ್ಲ. ಬಕಲ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದರೆ ಜಾಕೆಟ್ ಗದ್ದದವರೆಗೆ ಜಾರಿ ಬರಬಾರದು, ಅಲ್ವಾ? ಸಣ್ಣ ಮೈಯವರಿಗೆ ಸರಿಯಾದ ಅಳತೆಯದ್ದು ಅಲ್ಲಿ ಸಿಗುತ್ತಾ? ಯಾರಾದರೂ ನೀರಿಗೆ ಬಿದ್ದರೆ ಎತ್ತೋಕೆ ರಾಫ್ಟ್ ಜೊತೆ ಕಯಾಕ್ ಅನ್ನೋ ಸಣ್ಣ ದೋಣಿಯವರು ಬರುತ್ತಾರಾ ಅಂತ ಒಬ್ಬರನ್ನು ಕೇಳಿದೆ, "ಏನೂ ಆಗಲ್ಲ, ಸುಮ್ನೆ ಬನ್ನಿ" ಅಂದರು. ಅವರನ್ನು ಅಲ್ಲಿಗೇ ಬಿಟ್ಟೆ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ: ಗೈಡ್ ಹೇಗಿದ್ದರು, ತಲೆಗೆ ಎಷ್ಟಾಯಿತು, ಆ ದಿನ ನೀರು ಬಿಡದಿದ್ದರೆ ಅಡ್ವಾನ್ಸ್ ವಾಪಸ್ ಕೊಡುತ್ತಾರಾ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸೋಕೆ ಸರಿಯಾದ ಜಾಗ ಇದೆಯಾ ಅನ್ನೋದನ್ನೂ ತಿಳಿಸಿ.