ಕಾರಿನ ‘ಅರ್ತ್’ಗೆ ಭೂಸಂಪರ್ಕ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಮಾರಿಸ್ ಮೈನರ್ ಕಾರಿನ ಮೂಲ ರೇಡಿಯೋವನ್ನು ಕೀಳದೆ, ಅದರಲ್ಲೇ ಮೊಬೈಲಿನ ಹಾಡು ಕೇಳುವಂತೆ ಮಾಡುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಇಂಥ ಕಾರನ್ನು ಉಳಿಸಿಕೊಂಡು ಬಂದವರು, ಅವರ ಊರಿನ ಆಟೊ ಎಲೆಕ್ಟ್ರಿಷಿಯನ್‌ಗಳು ಇದರ ಓದುಗರು. ಎರಡು ಕಡೆ ಪದಕ್ಕಾಗಿ ತಡಕಾಡುತ್ತಿದ್ದೇನೆ. ಮೊದಲನೆಯದು ತಪ್ಪಿದರೆ ವೈರೇ ಸುಡುತ್ತದೆ.

1948ರಿಂದ 1971ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಈ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಈಗಿನ ಕಾರುಗಳಲ್ಲಿ ಮೈಗೆ ಸೇರುವುದು ನೆಗೆಟಿವ್ ತುದಿ. ಹಳೆಯ ಏರ್ಪಾಟಿಗೆ ‘ಪಾಸಿಟಿವ್ ಅರ್ತ್’ ಎಂದು ಹೆಸರು. ಪಠ್ಯಪುಸ್ತಕದ ದಾರಿ ಹಿಡಿದರೆ ಇದು ‘ಧನ ಭೂಸಂಪರ್ಕ’ ಆಗಬೇಕು.

ನನ್ನ ತಕರಾರು ಇಲ್ಲಿದೆ. ಭೂಸಂಪರ್ಕ ಎಂದ ಕೂಡಲೇ ನಮಗೆ ನೆನಪಾಗುವುದು ಮನೆಯ ಪಕ್ಕ ಇದ್ದಿಲು, ಉಪ್ಪು ತುಂಬಿ ತಗಡು ಹೂತ ಗುಂಡಿ. ಅಲ್ಲಿ ತಂತಿ ನಿಜವಾಗಿಯೂ ಭೂಮಿಗೆ ಇಳಿಯುತ್ತದೆ; ಎಲ್ಲ ಸರಿಯಿದ್ದಾಗ ಅದರಲ್ಲಿ ಕರೆಂಟು ಹರಿಯುವುದಿಲ್ಲ. ಕಾರು ನಿಂತಿರುವುದೋ ರಬ್ಬರ್ ಟೈರಿನ ಮೇಲೆ. ಅದರ ಮೈ ಎಂದರೆ ದೀಪ, ಹಾರ್ನ್, ರೇಡಿಯೋ ಎಲ್ಲದರ ಕರೆಂಟು ಓಡಾಡುವ ದಾರಿ. ಒಂದು ಜೀವ ಕಾಪಾಡುವ ಏರ್ಪಾಟು, ಇನ್ನೊಂದು ಕೆಲಸ ಮಾಡುವ ತಂತಿಯ ಬದಲಿಗೆ ನಿಂತ ತಗಡು. ಎರಡಕ್ಕೂ ಒಂದೇ ಪದ ಕೊಟ್ಟರೆ ಓದುವವನು ‘ಅರ್ತ್ ತಾನೇ, ಎಲ್ಲಿಗೆ ಸೇರಿಸಿದರೂ ಆಯಿತು’ ಎಂದುಕೊಳ್ಳುತ್ತಾನೆ.

ಹಾಗೆಂದುಕೊಂಡರೆ ಆಗುವುದೇನು? ಮೊಬೈಲಿನ ಹಾಡನ್ನು ಹಿಡಿಯಲು ರೇಡಿಯೋಗೆ ಸೇರಿಸುವ ಬ್ಲೂಟೂತ್ ಮಾಡ್ಯೂಲಿನ ಆಡಿಯೋ ತಂತಿಯಲ್ಲಿ ಹೊರಗಿನ ಹೆಣಿಗೆ ಸಾಮಾನ್ಯವಾಗಿ ನೆಗೆಟಿವ್‌ಗೆ ಸೇರಿರುತ್ತದೆ. ಅದನ್ನು ರೇಡಿಯೋ ಡಬ್ಬಿಗೆ ಬೆಸೆದರೆ, ಡಬ್ಬಿ ಕಾರಿನ ಮೈಗೆ, ಮೈ ಬ್ಯಾಟರಿಯ ಪಾಸಿಟಿವ್‌ಗೆ, ನೇರವಾಗಿ ಶಾರ್ಟ್. ಇದಕ್ಕೆ ಪರಿಹಾರ ಕರೆಂಟು ಒಳಬರುವ ಬದಿಗೂ ಹೊರಹೋಗುವ ಬದಿಗೂ ತಂತಿಯ ನಂಟೇ ಇಲ್ಲದ ಕನ್ವರ್ಟರಿನಿಂದ ಮಾಡ್ಯೂಲಿಗೆ ಕರೆಂಟು ಕೊಡುವುದು. ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಕಾಲದ ಸೆಟ್ಟಿಗೆ ದಕ್ಕುವುದು ಮೀಡಿಯಂ ವೇವ್, ಲಾಂಗ್ ವೇವ್ ಮಾತ್ರ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಅದರ ಮುಳ್ಳಿಗೆ ಸಿಕ್ಕುತ್ತದೆ, ಎಫ್‌ಎಂ ಸಿಕ್ಕುವುದಿಲ್ಲ. ಹಾಗಾಗಿ ಸೆಟ್ಟು ಬಿಚ್ಚಿ ವಾಲ್ಯೂಮ್ ಕಂಟ್ರೋಲಿನ ಕಾಲಿಗೇ ಹಾಡನ್ನು ಸೇರಿಸಬೇಕು. ಸ್ಪೀಕರ್ ಒಂದೇ ಇರುವುದರಿಂದ ಎಡ, ಬಲ ಎರಡನ್ನೂ ಒಂದೊಂದು ರೆಸಿಸ್ಟರಿನ ಮೂಲಕ ಕೂಡಿಸಬೇಕು.

ಗ್ಯಾರೇಜಿನ ಮಾತಿನಲ್ಲಿ ‘ಅರ್ತ್’ ಎಂಬ ಪದ ಎಷ್ಟು ಚುರುಕಾಗಿದೆ ನೋಡಿ. ‘ಬಾಡಿ ಅರ್ತ್ ಕೊಡು’ ಎಂದರೆ ಮಾಡಬೇಕಾದ ಕೆಲಸ. ‘ಅರ್ತ್ ಸಿಗ್ತಿಲ್ಲ’ ಎಂದರೆ ತುಕ್ಕೋ ಬಣ್ಣವೋ ಅಡ್ಡ ಬಂದಿದೆ. ‘ವೈರು ಅರ್ತ್ ಆಗಿದೆ’ ಎಂದರೆ ಮೈಗೆ ತಾಗಬಾರದ ತಂತಿ ತಾಗಿದೆ, ಅದು ದೋಷ. ಕ್ರಿಯಾಪದ ಬದಲಾದಂತೆ ಅರ್ಥ ತಿರುಗಿ ನಿಲ್ಲುತ್ತದೆ. ‘ಭೂಸಂಪರ್ಕ ಆಗಿದೆ’ ಎಂದು ಬರೆದರೆ ಕೆಲಸ ಸರಿಯಾಗಿ ಮುಗಿದಿದೆ ಎಂದೇ ಯಾರಾದರೂ ಓದುತ್ತಾರೆ.

ನನಗೆ ಹೊಳೆದವು: ‘ಒಡಲ ಸಂಪರ್ಕ’, ‘ಮೈತಂತಿ’. ಸಮಾಸ ಮಾಡಿ ‘ಮೈಸಂಪರ್ಕ’ ಎಂದರೆ ಕನ್ನಡ, ಸಂಸ್ಕೃತ ಪದ ಬೆರೆತ ಅರಿಸಮಾಸವೆಂದು ಕೆಲವರು ಒಪ್ಪಲಿಕ್ಕಿಲ್ಲ. ‘ಮೈದೊಳೆ’ಯ ಹಾಗೆ ‘ಮೈದಂತಿ’ ಎನ್ನಬಹುದು. ಕೇಳಲು ಇಂಪು, ಆದರೆ ಮೆಕ್ಯಾನಿಕ್‌ಗೆ ತಲುಪುವುದು ಅನುಮಾನ. ಸದ್ಯಕ್ಕೆ ‘ಪಾಸಿಟಿವ್ ಬಾಡಿ ಅರ್ತ್’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ವಿವರಿಸಿದ್ದೇನೆ.

ಎರಡನೆಯದು ಹಾಡಿನ ಜೊತೆ ಸ್ಪೀಕರಿನಲ್ಲಿ ಕೇಳುವ ಬೇಡದ ಸದ್ದುಗಳ ಹೆಸರು. ಎಂಜಿನ್ ವೇಗದ ಜೊತೆ ಏರುವ ಸಣ್ಣ ರಾಗದಂಥ ಸದ್ದು ಡೈನಮೋದ್ದು. ಮೊಬೈಲಿನ ಚಾರ್ಜರ್ ಕಿತ್ತೊಡನೆ ಅದು ನಿಂತರೆ ಆಡಿಯೋ ತಂತಿ ಎರಡು ದಾರಿಯಿಂದ ಅರ್ತ್‌ಗೆ ಸೇರಿರುವುದು ಕಾರಣವಿರಬಹುದು. ಕಿಡಿಯ ಲೆಕ್ಕಕ್ಕೆ ಸಿಡಿಯುವ ಸದ್ದು ಇಗ್ನಿಷನ್‌ದು. ಗುಂಡಿ ತಿರುವಿದಾಗ ಮಾತ್ರ ಬರುವುದು ವಾಲ್ಯೂಮ್ ಕಂಟ್ರೋಲಿನ ಕೊಳೆಯದು. ಇವಕ್ಕೆ ಕ್ರಮವಾಗಿ ಕುಂಯ್‌ಗುಡು, ಚಟಚಟ, ಕರಕರ ಎಂದು ಬರೆದಿದ್ದೇನೆ. ಎಲ್ಲವನ್ನೂ ‘ಗದ್ದಲ’ ಎಂದುಬಿಟ್ಟರೆ ದೋಷ ಹುಡುಕಲು ದಾರಿಯೇ ಇರುವುದಿಲ್ಲ. ಅನುಕರಣಾವ್ಯಯ ಇಷ್ಟು ಸಮೃದ್ಧವಾಗಿರುವ ಭಾಷೆಯಲ್ಲಿ ಅದನ್ನು ತಾಂತ್ರಿಕ ಬರಹದಿಂದ ದೂರವಿಡುವುದು ನನಗೆ ಸರಿಕಾಣದು. ‘ಕುಂಯ್’ ನಿಮ್ಮ ಕಿವಿಗೂ ಏರುವ ಸದ್ದಾಗಿಯೇ ಕೇಳುತ್ತದೆಯೇ, ನಾಯಿಮರಿಯನ್ನು ನೆನಪಿಸುತ್ತದೆಯೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ನಿಮ್ಮೂರಿನ ಗ್ಯಾರೇಜಿನಲ್ಲಿ ಕೇಳಿದ ಮಾತನ್ನು ಇಡೀ ವಾಕ್ಯದಲ್ಲೇ ಬರೆಯಿರಿ. ಅರ್ತ್ ಕೊಡುತ್ತಾರೋ, ಹಿಡಿಸುತ್ತಾರೋ, ಕಟ್ಟುತ್ತಾರೋ, ಆ ಕ್ರಿಯಾಪದವೂ ನನಗೆ ಬೇಕು.