'ಮ್ಯಾನರ್ಸ್'ಗೂ 'ಡಿಪೋರ್ಟ್‌ಮೆಂಟ್'ಗೂ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಮಕ್ಕಳ ಪುಸ್ತಕವೊಂದರ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರನ್ನು ಕನ್ನಡಕ್ಕೆ ತರುವಲ್ಲೇ ಸಿಕ್ಕಿಕೊಂಡೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಟರ್ಬರಿಯಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು 1844ರಲ್ಲಿ ತಾವೇ ಅಚ್ಚು ಹಾಕಿದ ಪುಸ್ತಕ ಇದು. 'ಎ ಜುವೆನೈಲ್ ಗೈಡ್, ಆರ್ ಮ್ಯಾನ್ಯುಯಲ್ ಆಫ್ ಗುಡ್ ಮ್ಯಾನರ್ಸ್' ಅಂತ ಹೆಸರು. ಅದರ ಕೆಳಗೇ, ಎಳೆಯರಿಗೆ ಬುದ್ಧಿಮಾತು, ಪಾಠ ಮತ್ತು 'ರೂಲ್ಸ್ ಆಫ್ ಡಿಪೋರ್ಟ್‌ಮೆಂಟ್' (ನಿಲ್ಲುವ, ಕೂರುವ, ನಡೆದುಕೊಳ್ಳುವ ರೀತಿಯ ನಿಯಮಗಳು) ಇದರಲ್ಲಿವೆ ಎಂದಿದೆ. ಒಂದೇ ಪುಟದಲ್ಲಿ ಎರಡೂ ಪದ ಇರುವುದರಿಂದ ಒಂದರಲ್ಲಿ ಮುಗಿಸುವಂತಿಲ್ಲ.

ಶೇಕರರಲ್ಲಿ ಮದುವೆ ಇಲ್ಲ, ಸ್ವಂತ ಆಸ್ತಿಯೂ ಇಲ್ಲ. ಹಾಗಾದರೆ ಮಕ್ಕಳು? ಪಂಥ ಸೇರಿದವರ ಜೊತೆ ಬಂದವರು, ಅನಾಥರು, ಸಾಕಲಾರದೆ ಹೆತ್ತವರು ಒಪ್ಪಿಸಿ ಹೋದವರು. ಹೊರಗಿನಿಂದ ಬಂದ ಮಗುವಿಗೆ ಈ ಹೊಸ ಮನೆಯ ರೀತಿ ಕಲಿಸಬೇಕಿತ್ತು. ಊಟದ ಮುಂಚೆ, ಆಮೇಲೆ ಮಂಡಿಯೂರಿ ಪ್ರಾರ್ಥನೆ. ಉಣ್ಣುವಾಗ ಮಾತಿಲ್ಲ. ಬಡಿಸಿಕೊಂಡದ್ದನ್ನು ತಟ್ಟೆಯಲ್ಲಿ ಬಿಡುವಂತಿಲ್ಲ. ಅವರು ಕೈಬರಹದಲ್ಲೇ ಇಟ್ಟುಕೊಂಡಿದ್ದ 1845ರ ಕಟ್ಟಳೆಗಳಲ್ಲಿ, ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು ಇಡಬೇಕು ಅಂತಲೂ ಇದೆ. (ಓದಿದಾಗ ನಮ್ಮ ಮನೆಗಳಲ್ಲಿ ಸೊಸೆಗೆ ಹೇಳುವ ಮಾತು ನೆನಪಾಯ್ತು.) ಅಂದರೆ ಕೂರುವ, ಉಣ್ಣುವ, ನಡೆಯುವ ಬಗೆಯೆಲ್ಲ ಅವರಿಗೆ ದೇವರ ಸೇವೆಯ ಭಾಗ. ಬರೀ 'ಸಭ್ಯತೆ' ಅಂದರೆ ಅದು ಬರುವುದಿಲ್ಲ, ಅಲ್ವಾ?

'ಸದಾಚಾರ' ಮೊದಲು ಹೊಳೆಯಿತು. ಆದರೆ ನಮ್ಮಲ್ಲಿ ಅದು ಲಿಂಗಾಯತರ ಪಂಚಾಚಾರಗಳಲ್ಲಿ ಒಂದು, ಸತ್ಯಶುದ್ಧ ಕಾಯಕಕ್ಕೆ ಸೇರಿದ್ದು. ಶೇಕರರೂ ದುಡಿಮೆಯನ್ನು ಪೂಜೆಯೆಂದೇ ಕಂಡವರು, ಹೋಲಿಕೆ ನಿಜ. ಹಾಗಂತ ಅವರ ಪುಸ್ತಕಕ್ಕೆ ಈ ಪದ ಹಾಕಿದರೆ ಓದುವವರು ವಚನಗಳ ಕಡೆಗೇ ಹೋಗಿಬಿಡುತ್ತಾರೆ. 'ಶಿಷ್ಟಾಚಾರ' ಮಂತ್ರಿಗಳು ಊರಿಗೆ ಬಂದಾಗಿನ ಪದವಾಗಿದೆ. 'ನಡತೆ' ಅಂದರೆ ಗುಣದ ಮಾತು. 'ಅವನ ನಡತೆ ಸರಿಯಿಲ್ಲ' ಅಂದರೆ ಯಾರೂ ಅವನು ಊಟಕ್ಕೆ ಕೂರುವ ರೀತಿ ಅಂದುಕೊಳ್ಳುವುದಿಲ್ಲ.

ಸದ್ಯಕ್ಕೆ ಮ್ಯಾನರ್ಸ್‌ಗೆ 'ನಡೆನುಡಿ', ಡಿಪೋರ್ಟ್‌ಮೆಂಟ್‌ಗೆ 'ನಡವಳಿಕೆ' ಇಟ್ಟಿದ್ದೇನೆ. 'ಎಳೆಯರ ಕೈಪಿಡಿ, ಅಥವಾ ಒಳ್ಳೆಯ ನಡೆನುಡಿಯ ದಾರಿ.' ನಡೆನುಡಿ ನನಗೆ ತುಂಬಾ ಇಷ್ಟ. ಮೈಯ ಶಿಸ್ತು, ಮಾತಿನ ಶಿಸ್ತು ಎರಡೂ ಅದರಲ್ಲಿವೆ.

ಬರೆದವರ ಹೆಸರು ಪುಸ್ತಕದಲ್ಲಿಲ್ಲ. 'ಲವರ್ಸ್ ಆಫ್ ಯೂತ್' ಅಂತಷ್ಟೇ ಇದೆ. 'ಯುವಪ್ರೇಮಿಗಳು' ಅಂದರೆ ಅರ್ಥವೇ ಕೆಟ್ಟಿತು. 'ಎಳೆಯರ ಹಿತೈಷಿಗಳು' ಸರಿ, ಆದರೆ ಆ ಪ್ರೀತಿ ತೆಳುವಾಯ್ತು ಅನ್ನಿಸುತ್ತದೆ. 'ಮಕ್ಕಳನ್ನು ಪ್ರೀತಿಸುವವರು' ಅಂತ ಬಿಡಿಸಿಯೇ ಬರೆದುಬಿಡಲೇ?

ಇನ್ನೊಂದು ವಿಷಯ ನಿಮ್ಮಿಂದಲೇ ತಿಳಿಯಬೇಕು. ನಿಮ್ಮ ಕಡೆಯ ಮಾತಿನಲ್ಲಿ 'ನಡೆನುಡಿ'ಯೊಳಗೆ ಉಣ್ಣುವ, ಕೂರುವ ರೀತಿಯೂ ಸೇರುತ್ತದೆಯೇ? ಇಲ್ಲ ಅದಕ್ಕೆ ಮನೆಯಲ್ಲಿ ಅಜ್ಜಿಯರು ಬೇರೆ ಪದ ಹೇಳುತ್ತಿದ್ದರೇ?